ಟ್ರಂಕಿನಲ್ಲಿದ್ದ ಐದು ಗುಂಡು: ಬೆಳಗಾವಿಯ ಒಂದು ಪ್ರಕರಣ

ಬೆಳಗಾವಿಯಲ್ಲಿ ಸೈನಿಕರ ಮನೆಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕ್ಯಾಂಪ್ ಅಂತ ಕರೆಯುವ ದಂಡು ಪ್ರದೇಶದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಎರಡು ಮೂರು ತಲೆಮಾರು ಪಲ್ಟನ್ನಿಗೆ ಹೋದ ಮನೆತನಗಳಿವೆ. ಅಂಥ ಮನೆಗಳ ಅಟ್ಟದ ಮೇಲೆ ಒಂದು ಕಪ್ಪು ತಗಡಿನ ಟ್ರಂಕು ಇರುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಈ ಪ್ರಕರಣ ಅಂಥದ್ದೇ ಒಂದು ಟ್ರಂಕಿನದು.

ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಹಳೆ ನಾಣ್ಯ, ಬಿಲ್ಲೆ, ಪದಕ ಕೂಡಿಡುವುದು ನನ್ನ ಹವ್ಯಾಸ. ಹಾಗಾಗಿ ಯಾರ ಮನೆಯಲ್ಲಾದರೂ ಹಳೆ ಮಿಲಿಟರಿ ಸಾಮಾನು ಸಿಕ್ಕರೆ ಒಂದು ಫೋನು ನನಗೆ ಬರುತ್ತದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಓಣಿ, ಬಟಾಲಿಯನ್ ಸಂಖ್ಯೆ ಬಿಟ್ಟಿದ್ದೇನೆ. ಗುರುತು ಸಿಗದಂತೆ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅಜ್ಜ, ಅಪ್ಪ, ತಾಯಿ, ಮೊಮ್ಮಗ ಅಂತಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಅಜ್ಜ ಎರಡನೇ ಮಹಾಯುದ್ಧದ ಹೊತ್ತಿಗೆ ರೆಜಿಮೆಂಟಿನಲ್ಲಿದ್ದವರು. 1941ರಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳು, ಆಮೇಲೆ ಇಟಲಿ. ಅದೇ ರೆಜಿಮೆಂಟಿನ ಯಶವಂತ ಘಾಡ್ಗೆ 1944ರ ಜುಲೈ 10ರಂದು, ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಇಟಲಿಯಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು. ನಮ್ಮ ಅಜ್ಜನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹೋದರು, ಹೋರಾಡಿದರು, ಹವಾಲ್ದಾರ್ ಆಗಿ ವಾಪಸ್ ಬಂದು ಹೊಲ ಮಾಡಿದರು. ಅಪ್ಪನೂ ಸೈನ್ಯ ಸೇರಿದರು. 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ಅವರು ತೀರಿಕೊಂಡು ಕೆಲವು ವರ್ಷ ಆಯಿತು. ಈಗ ತಾಯಿಗೆ ಕುಟುಂಬ ಪಿಂಚಣಿ ಬರುತ್ತದೆ. ಮೊಮ್ಮಗ ಶಹಾಪುರದ ಕಡೆ ಒಂದು ಸಣ್ಣ ಅಂಗಡಿ ನಡೆಸುತ್ತಾನೆ.

ಅವನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಮೊದಲ ವರ್ಷದ ಫೀ ತುಂಬಲು ಸುಮಾರು 85 ಸಾವಿರ ರೂಪಾಯಿ ಕಡಿಮೆ ಬಿತ್ತು. ಆಗ ಅವನಿಗೆ ಟ್ರಂಕು ನೆನಪಾಯಿತು. ಫೋನಿನಲ್ಲಿ ಹುಡುಕಿದಾಗ ಮಿಲಿಟರಿ ಸಾಮಾನಿಗೆ ಲಕ್ಷಗಟ್ಟಲೆ ಬೆಲೆ ಕಂಡಿತು. ಅವು ಮಾರುವವರು ಕೇಳುವ ಬೆಲೆ. ಯಾರೋ ಕೊಟ್ಟು ಕೊಂಡ ಬೆಲೆ ಅಲ್ಲ. ಈ ವ್ಯತ್ಯಾಸ ಅವನಿಗೆ ಆಗ ಗೊತ್ತಿರಲಿಲ್ಲ.

ಒಂದೇ ಫೋಟೋ, ಒಂದೇ ಬೆಲೆ

ಅವನು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಜಾಹೀರಾತು ಹಾಕಿದ. ಟ್ರಂಕಿನಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಹರವಿ ಒಂದೇ ಫೋಟೋ ತೆಗೆದಿದ್ದ. ಅಜ್ಜನ ನಾಲ್ಕು ಪದಕ, ಅಪ್ಪನ ಪದಕಗಳು, ಉಕ್ಕಿನ ಶಿರಸ್ತ್ರಾಣ, ನೀರಿನ ಬಾಟಲಿ, ಊಟದ ಡಬ್ಬಿ, ಟೋಪಿ ಬಿಲ್ಲೆ, ಬೆಲ್ಟು, ಅಪ್ಪನ ಯುನಿಫಾರ್ಮು. ಹಿತ್ತಾಳೆಯ ಒಂದು ದೊಡ್ಡ ಖಾಲಿ ಶೆಲ್ಲು. ಒರೆಯಲ್ಲಿದ್ದ ಒಂದು ಬಯೊನೆಟ್, ಮನೆಯವರ ಬಾಯಲ್ಲಿ ಸಂಗೀನು. ಮೂಲೆಯಲ್ಲಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿದ ಐದು ಗುಂಡು. ಬದಿಗೆ ಅಪ್ಪನ ಡಿಸ್ಚಾರ್ಜ್ ಬುಕ್ಕು, ಪುಟ ತೆರೆದೇ ಇತ್ತು. ಬೆಲೆ 85 ಸಾವಿರ. ವಿವರದಲ್ಲಿ ತನ್ನ ಫೋನ್ ನಂಬರು.

ರಾತ್ರಿ ಹಾಕಿದ್ದು, ಬೆಳಿಗ್ಗೆ ಚಹಾದ ಹೊತ್ತಿಗೆ ಇರಲಿಲ್ಲ. ನಿಷೇಧಿತ ವಸ್ತು ಇರುವುದರಿಂದ ತೆಗೆಯಲಾಗಿದೆ ಅಂತ ಒಂದು ಸಾಲಿನ ಸಂದೇಶ. ಯಾವ ವಸ್ತು ಅಂತ ಹೇಳಿರಲಿಲ್ಲ.

ಮುಂದೆ ಅವನು ಮಾಡಿದ್ದು ಈ ಪ್ರಕರಣದ ಮೊದಲ ತಿರುವು. ಸಂಗೀನನ್ನು ಬೇರೆ ಮಾಡಿ, ಹಳೆಯ ಅಲಂಕಾರದ ಚಾಕು ಅಂತ ಹೆಸರು ಕೊಟ್ಟು ಇನ್ನೊಮ್ಮೆ ಹಾಕಿದ. ಗುಂಡುಗಳನ್ನು ಹಿತ್ತಾಳೆ ಶೋಪೀಸ್ ಅಂತ ಹಾಕಿದ. ಎರಡೂ ಹೋದವು. ಜೊತೆಗೆ ಅವನ ಖಾತೆಯೂ ಬಂದ್ ಆಯಿತು.

ಆಮೇಲೆ ನಮ್ಮ ವಕೀಲ ಗೆಳೆಯರು ಇದನ್ನು ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. ಲೈಸೆನ್ಸ್ ಇಲ್ಲದೆ ಗುಂಡು ಸಿಕ್ಕ ಪ್ರಕರಣಗಳಲ್ಲಿ, ಅದು ತನ್ನ ಹತ್ತಿರ ಇದೆ ಅಂತ ಆ ಮನುಷ್ಯನಿಗೆ ಅರಿವಿತ್ತೇ ಎಂಬುದನ್ನು ಕೋರ್ಟುಗಳು ನೋಡುತ್ತವೆ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಮೂಲೆಯಲ್ಲಿ ಗೊತ್ತಿಲ್ಲದೆ ಉಳಿದ ಒಂದು ಗುಂಡು ಸಿಕ್ಕ ಕೇಸುಗಳನ್ನು ಹೈಕೋರ್ಟುಗಳು ರದ್ದು ಮಾಡಿದ್ದುಂಟು. ಆದರೆ ನಿಷೇಧಿತ ಅಂತ ಲಿಖಿತ ಸಂದೇಶ ಬಂದ ಮೇಲೆ ಹೆಸರು ಬದಲಿಸಿ ಮತ್ತೆ ಹಾಕಿದವನು ನನಗೆ ಗೊತ್ತಿರಲಿಲ್ಲ ಅಂತ ಹೇಳುವುದು ಹೇಗೆ? ಮೊದಲ ಜಾಹೀರಾತು ಅಜ್ಞಾನ. ಎರಡನೆಯದು ಮರೆಮಾಚುವಿಕೆ. ಇವೆರಡರ ನಡುವೆ ಇದ್ದದ್ದು ಒಂದೇ ದಿನ.

ಅವನು ದೂರನ್ನೂ ಕೊಟ್ಟ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಜಾಲತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಅದು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಒಳ್ಳೆ ವ್ಯವಸ್ಥೆ. ಬರೀ ಶಿರಸ್ತ್ರಾಣದ ಜಾಹೀರಾತು ತಪ್ಪಾಗಿ ಹೋಗಿದ್ದರೆ ಈ ದಾರಿ ಉಪಯೋಗಕ್ಕೆ ಬರುತ್ತಿತ್ತು. ಇಲ್ಲಿ ಫೋಟೋದಲ್ಲಿ ಗುಂಡುಗಳಿದ್ದವು. ಜಾಲತಾಣ ಮಾಡಿದ್ದು ಸರಿಯಾಗಿಯೇ ಇತ್ತು. ಖಾತೆ ತೆರೆಯುವುದಿಲ್ಲ ಅಂತ ಉತ್ತರ ಬಂತು.

ಜಾಹೀರಾತು ಹೋಯಿತು, ನಂಬರು ಉಳಿಯಿತು

ಒಂದು ರಾತ್ರಿಯಷ್ಟೇ ಇದ್ದ ಜಾಹೀರಾತಿನಿಂದ ಅವನ ನಂಬರು ಹೋಗಬಾರದ ಕೈಗಳಿಗೆ ಹೋಗಿತ್ತು. ನನ್ನ ಪ್ರಕಾರ ಜಾಹೀರಾತು ತೆಗೆದ ನಂತರದ ಒಂದು ವಾರವೇ ಎಲ್ಲಕ್ಕಿಂತ ಅಪಾಯದ ಹೊತ್ತು. ಮಾರುವವನಿಗೆ ಸಿಟ್ಟು ಬಂದಿರುತ್ತದೆ, ದುಡ್ಡಿನ ಗಡಿಬಿಡಿ ಇರುತ್ತದೆ. ಎದುರಿನವನಿಗೆ ಅದು ಗೊತ್ತಿರುತ್ತದೆ.

ಮೊದಲು ಬಂದವನು ವಾಟ್ಸಾಪಿನಲ್ಲಿ ತಾನೂ ಫೌಜಿ ಅಂದ. ಯುನಿಫಾರ್ಮಿನ ಫೋಟೋ, ಗುರುತಿನ ಚೀಟಿಯ ಫೋಟೋ ಕಳಿಸಿದ. ಎಲ್ಲಾ ಸಾಮಾನು ಕೇಳಿದ ಬೆಲೆಗೇ ಬೇಕು ಅಂದ. ಮಿಲಿಟರಿ ಖಾತೆಯಿಂದ ಹಣ ಬರಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು ಅಂದ. ಮೊದಲು 5 ರೂಪಾಯಿ ಕಳಿಸಿ ಅಂದವನು 10 ರೂಪಾಯಿ ವಾಪಸ್ ಹಾಕಿದ. ನಂಬಿಕೆ ಬಂತು. ಎರಡನೇ ಕೋಡಿಗೆ ಮೊಮ್ಮಗ ಪಿನ್ ಒತ್ತಿದ. 9,500 ರೂಪಾಯಿ ಹೋಯಿತು. ಯುಪಿಐನಲ್ಲಿ ಹಣ ಬರಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಅವನು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. ವಾಪಸ್ ಬರಲೇ ಇಲ್ಲ.

ಸೈನಿಕರ ಹೆಸರು ಹೇಳಿ ಮೋಸ ಮಾಡುವುದು ಈಗ ಮಾಮೂಲಿ ದಂಧೆ. ಸೈನಿಕರ ಮನೆಯವರನ್ನೇ ಆ ಹೆಸರಿನಿಂದ ಮೋಸ ಮಾಡಿದರಲ್ಲ, ಅದು ನನಗೆ ತುಂಬಾ ನೋವು ಕೊಟ್ಟಿತು. ಆ ಮನೆಯಲ್ಲಿ ಫೌಜಿ ಎಂಬ ಮಾತಿಗೆ ಇದ್ದ ಬೆಲೆ ಅಂಥದ್ದು.

ಎರಡನೆಯವನು ಮೋಸಗಾರನಲ್ಲ. ನಿಜವಾಗಿ ಕೊಳ್ಳುವವನೇ. ಅವನಿಗೆ ಸಂಗೀನು ಮತ್ತು ಗುಂಡು ಮಾತ್ರ ಬೇಕು. ನಗದು 30 ಸಾವಿರ. ಬಿಲ್ಲು ಬೇಡ, ಹೆಸರು ಬೇಡ. ಚೋರ್ಲಾ ಘಾಟಿನ ಹಾದಿಯಲ್ಲಿ ಒಂದು ಕಡೆ ಬಂದು ಕೊಡಬೇಕು. ಮೊಮ್ಮಗ ಒಪ್ಪಿಕೊಂಡಿದ್ದ. ಹೋಗುವ ಹಿಂದಿನ ದಿನ ಸಂಜೆ ನನಗೆ ಫೋನ್ ಮಾಡಿದ. ಕೇಳಿದ್ದು ಬೆಲೆ ಮಾತ್ರ.

“ಕಾಕಾ, ಸಂಗೀನಿಗೆ 30 ಸಾವಿರ ಅಂದ್ರ ಕಡಿಮಿ ಆತೇನು?”

ಅವನು ಮೊದಲ ಜಾಹೀರಾತು ಹಾಕುವ ಮುಂಚೆಯೂ ಒಮ್ಮೆ ಫೋನ್ ಮಾಡಿದ್ದ. ಆಗ ನಾನು ಪದಕಗಳ ಬಗ್ಗೆ ಕಾಲು ಗಂಟೆ ಮಾತಾಡಿದ್ದೆ. ಟ್ರಂಕಿನಲ್ಲಿ ಬೇರೆ ಏನೇನಿದೆ ಅಂತ ಕೇಳಲೇ ಇಲ್ಲ. ಅದು ನನ್ನ ತಪ್ಪು. ಈಗ ಯಾರೇ ಫೋನ್ ಮಾಡಿದರೂ ಮೊದಲು ಗುಂಡು, ಮದ್ದು, ಆಯುಧ ಏನಾದರೂ ಇದೆಯಾ ಅಂತ ಕೇಳಿ ಆಮೇಲೆ ಪದಕದ ಮಾತು ತೆಗೆಯುತ್ತೇನೆ.

ಆ ಸಂಜೆ ನಾನು ಹೇಳಿದ್ದು ಇಷ್ಟೇ. ನಾಳೆ ಎಲ್ಲೂ ಹೋಗಬೇಡ. ಯಾವುದನ್ನೂ ಮುಟ್ಟಬೇಡ. ಬೆಳಿಗ್ಗೆ ನಾನೇ ಬರುತ್ತೇನೆ.

ಕಂಬಳಿಯ ಮೇಲೆ

ವಕೀಲ ಗೆಳೆಯರನ್ನೂ ಕರೆದುಕೊಂಡು ಹೋದೆ. ತಾಯಿ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಟ್ಟರು. ಒಂದೊಂದೇ ವಸ್ತು ತೆಗೆದು, ಅದು ಏನು, ಯಾರದು, ಯಾವ ಕಾಲದ್ದು ಅಂತ ಬರೆಯುತ್ತಾ ಹೋದೆವು. ಮೂರು ತಾಸು ಹಿಡಿಯಿತು. ಈ ಕೆಲಸ ಜಾಹೀರಾತಿಗಿಂತ ಮೊದಲು ಆಗಿದ್ದರೆ ಈ ಬರಹವೇ ಬೇಕಿರಲಿಲ್ಲ.

ಮೊದಲು ಗುಂಡು. .303 ರೈಫಲಿನವು, ಐದರ ಕ್ಲಿಪ್ಪು. ಹಿಂಬದಿಯ ಕ್ಯಾಪಿನ ಮೇಲೆ ಪೆಟ್ಟಿನ ಗುರುತು ಇರಲಿಲ್ಲ. ಅಂದರೆ ಹಾರಿಸಿದವಲ್ಲ, ಮದ್ದು ಒಳಗೇ ಇರಬಹುದು. ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಮೊಮ್ಮಗ ಇಕ್ಕಳ ಹಿಡಿದು ತುದಿ ಕೀಳಲು ಒಮ್ಮೆ ಪ್ರಯತ್ನ ಮಾಡಿದ್ದನಂತೆ. ಕೇಳಿ ನನಗೆ ಮೈ ಬೆವರಿತು. ಯಾರೂ ಹಾಗೆ ಮಾಡಬೇಡಿ. ಕೆಲವು ಮನೆಗಳಲ್ಲಿ ಹಳೆ ಗ್ರೆನೇಡನ್ನು ಕಾಗದದ ಮೇಲೆ ಭಾರಕ್ಕೆ ಇಟ್ಟಿರುತ್ತಾರೆ. ಅಂಥದ್ದು ಕಂಡರೆ ಎತ್ತಲೂ ಬೇಡಿ, ತಿರುಗಿಸಲೂ ಬೇಡಿ. ಮನೆಯಿಂದ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

“ಹಳೇದಾದ್ರ ಲೈಸೆನ್ಸ್ ಬ್ಯಾಡ ಅಂತ ಓದೀನಿ ಕಾಕಾ,” ಅಂದ ಮೊಮ್ಮಗ.

ಓದಿದ್ದು ಅರ್ಧ ವಾಕ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 45ರಲ್ಲಿ ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ. ಆದರೆ ರಿಪೇರಿ ಮಾಡಿದರೂ ಬಂದೂಕಿನ ಹಾಗೆ ಬಳಸಲು ಆಗಬಾರದು ಎಂಬ ಷರತ್ತು ಅದರ ಜೊತೆಗೇ ಇದೆ. ಹಾರಿಸದ ಗುಂಡಿಗೆ ಈ ವಿನಾಯಿತಿ ಆಸರೆಯಾಗುವುದಿಲ್ಲ. ಕಲಂ 3ರ ಪ್ರಕಾರ ಮದ್ದುಗುಂಡಿಗೆ ಲೈಸೆನ್ಸ್ ಬೇಕು. ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ಮಾರಿದರೆ ಶಿಕ್ಷೆ ಅದಕ್ಕಿಂತ ಜಾಸ್ತಿ. ಚೋರ್ಲಾ ಹಾದಿಯ 30 ಸಾವಿರದ ಹಿಂದೆ ಇದ್ದದ್ದು ಇದು. ವಕೀಲರು ಇದನ್ನು ಹೇಳಿದಾಗ ಮೊಮ್ಮಗ ಮಾತೇ ಆಡಲಿಲ್ಲ.

ಆಮೇಲೆ ಸಂಗೀನು. ಒರೆಯಿಂದ ತೆಗೆದಾಗ 12 ಇಂಚಿನ ಅಲಗು. ಇಶಾಪುರ ರೈಫಲ್ ಕಾರ್ಖಾನೆಯ ಆರ್‌ಎಫ್‌ಐ ಎಂಬ ಮುದ್ರೆ ಇತ್ತು. ಅಜ್ಜ ಇದನ್ನು ಹೇಗೆ ಮನೆಗೆ ತಂದರು ಅಂತ ಹೇಳುವ ಒಂದು ಚೀಟಿಯೂ ಇರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಈಟಿಗಳ ಜೊತೆ ಬಯೊನೆಟ್ ಹೆಸರು ನೇರವಾಗಿ ಇದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಅದರಲ್ಲಿವೆ. ಅಡುಗೆ, ಒಕ್ಕಲುತನದಂಥ ಕೆಲಸಕ್ಕೆ ಅಂತ ಮಾಡಿದವು ಹೊರಗೆ. ಇಂಥ ಆಯುಧ ಮನೆಯಲ್ಲಿಡಲು ಲೈಸೆನ್ಸ್ ಬೇಕೇ ಎಂಬುದು, ಕಲಂ 4ರ ಅಡಿ ಆ ಪ್ರದೇಶಕ್ಕೆ ಅಧಿಸೂಚನೆ ಇದೆಯೇ ಎಂಬುದನ್ನು ನೋಡಿ ತೀರ್ಮಾನ ಆಗುತ್ತದೆ. ಮಾರುವ ವಿಷಯ ಬೇರೆ. ಅದಕ್ಕೆ ಕಲಂ 5 ಇದೆ. ಅಲಂಕಾರದ ಚಾಕು ಅಂತ ಹೆಸರಿಟ್ಟರೆ ಅಲಗು ಗಿಡ್ಡ ಆಗುವುದಿಲ್ಲ.

ತಾಯಿಗೆ ಸಿಟ್ಟು ಬಂತು. “ಇದು ನಮ್ಮ ಮಾವನವರು ಕೈಯಾಗ ಹಿಡದದ್ದು ಅಣ್ಣಾರ. ವರ್ಷಾ ಖಂಡೇನವಮಿಗೆ ಕುಂಕುಮ ಹಚ್ಚಿ ಪೂಜಿ ಮಾಡೀವಿ. ಕಳವಿನ ಮಾಲೇನ್ರೀ ಇದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ವಕೀಲರೇ ನಿಧಾನಕ್ಕೆ ಹೇಳಿದರು. ನಿಮ್ಮ ಮನೆಯಲ್ಲಿ ಪೂಜೆಗೆ ಇದ್ದದ್ದನ್ನು ಯಾರೂ ಕಳವು ಅನ್ನುವುದಿಲ್ಲ, ಆದರೆ ಅದನ್ನು ಗೊತ್ತಿಲ್ಲದವನ ಕೈಗೆ ಕೊಟ್ಟು, ನಾಳೆ ಅವನು ಯಾರಿಗಾದರೂ ಚುಚ್ಚಿದರೆ ಪೊಲೀಸರು ಹುಡುಕಿಕೊಂಡು ಬರುವುದು ಈ ಬಾಗಿಲಿಗೆ. ತಾಯಿ ಬಹಳ ಹೊತ್ತು ಸುಮ್ನೆ ಕೂತರು.

ಹಿತ್ತಾಳೆ ಶೆಲ್ಲಿನ ತಳದಲ್ಲಿ 1943 ಎಂಬ ಮುದ್ರೆ. 25 ಪೌಂಡರ್ ತೋಪಿನದು, ಹಾರಿಸಿದ್ದು, ಪೂರ್ತಿ ಖಾಲಿ. ಮನೆಯಲ್ಲಿ ಅದು ಹೂದಾನಿ. ಕಾಯ್ದೆಯಲ್ಲಿ ಮದ್ದುಗುಂಡಿನ ಭಾಗಗಳೂ ಮದ್ದುಗುಂಡೇ. ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಸಣ್ಣ ಭಾಗಗಳಿಗೆ ವಿನಾಯಿತಿ ಇದೆ. ಇದು ಅದರೊಳಗೆ ಬರುತ್ತದೆಯೇ ಎಂದು ವಾದ ಮಾಡುವ ಬದಲು, ಪೊಲೀಸರಿಗೇ ತೋರಿಸಿ ಖಾಲಿ ಅಂತ ಬರೆಸಿಕೊಳ್ಳೋಣ ಅಂದರು ವಕೀಲರು.

ಅಪ್ಪನ ಯುನಿಫಾರ್ಮಿನ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಸೈನ್ಯದ ಉಡುಪಿನಲ್ಲಿದ್ದರು. ಅದಾದ ಮೇಲೆ ಸೈನ್ಯದ ಮಾದರಿಯ ಬಟ್ಟೆ ಹಾಕಬೇಡಿ, ಮಾರಬೇಡಿ ಅಂತ ಸೈನ್ಯವೇ ಜನರಿಗೆ ಕೇಳಿಕೊಂಡಿತ್ತು. ಸೈನಿಕ ಅಂತ ನಂಬಿಸಲು ಆ ಉಡುಪು ಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 168ರ ಪ್ರಕಾರ ಅಪರಾಧ. ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ತಾಯಿ ಅದನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟರು.

ಪದಕಗಳು ನನ್ನ ಕ್ಷೇತ್ರ. ಅಜ್ಜನವು 1939–45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಯುದ್ಧ ಪದಕ. ಆರು ಮೂಲೆಯ ಆ ಕಂಚಿನ ಬಣ್ಣದ ನಕ್ಷತ್ರಗಳು ಲಕ್ಷಾಂತರ ಸೈನಿಕರಿಗೆ ಬಂದವು. ಹಾಗಾಗಿ ಬಿಡಿಯಾಗಿ ಅವುಗಳ ಬೆಲೆ ಸಾವಿರಗಳ ಲೆಕ್ಕ, ಲಕ್ಷಗಳದ್ದಲ್ಲ. ಅಪ್ಪನವು ಪೂರ್ವಿ ಸ್ಟಾರ್, ಸಂಗ್ರಾಮ್ ಪದಕ, ಸೈನ್ಯ ಸೇವಾ ಪದಕ. ಅವುಗಳ ಮೇಲೆ ನಂಬರು, ಹೆಸರು ಕೊರೆದಿದ್ದರು. ಜಾಹೀರಾತಿನ ಫೋಟೋ ದೊಡ್ಡದು ಮಾಡಿದಾಗ ಅದೂ ಕಾಣುತ್ತಿತ್ತು. ಅದಕ್ಕಿಂತ ಕೆಟ್ಟದ್ದು ತೆರೆದಿಟ್ಟ ಡಿಸ್ಚಾರ್ಜ್ ಬುಕ್ಕು. ಅಪ್ಪನ ಸೇವಾ ಸಂಖ್ಯೆ, ಪಿಂಚಣಿ ಆದೇಶದ ನಂಬರು ಎರಡೂ ಅದರಲ್ಲಿ ಸ್ಪಷ್ಟವಾಗಿದ್ದವು. ಅದೇ ದಿನ ತಾಯಿಯ ಬ್ಯಾಂಕಿಗೆ ಹೋಗಿ ವಿಷಯ ತಿಳಿಸಿದೆವು. ಪಿಂಚಣಿಯ ಹೆಸರಲ್ಲಿ ಯಾರೇ ಫೋನ್ ಮಾಡಿ ಓಟಿಪಿ ಕೇಳಿದರೂ ಕೊಡಬೇಡಿ ಅಂತ ತಾಯಿಗೆ ಹೇಳಿದೆವು. ಹತ್ತು ದಿನದಲ್ಲಿ ಅಂಥ ಎರಡು ಫೋನು ಬಂದವು. ಅವರು ಎತ್ತಿ, ಕೇಳಿ, ಇಟ್ಟುಬಿಟ್ಟರು.

ಠಾಣೆಗೆ ಹೋಗುವ ತೀರ್ಮಾನ

ಮೊಮ್ಮಗನ ಮನಸ್ಸಿನಲ್ಲಿ ಇನ್ನೊಂದು ದಾರಿ ಇತ್ತು. ಗುಂಡುಗಳನ್ನು ರಾತ್ರಿ ಕೆರೆಗೆ ಎಸೆಯುವುದು. ನೀರಿಗೆ ಬಿದ್ದದ್ದು ಬೇಸಿಗೆಯಲ್ಲಿ ಮಕ್ಕಳ ಕೈಗೆ ಸಿಗುತ್ತದೆ. ಫೋಟೋ ಈಗಾಗಲೇ ಜಾಲತಾಣದ ಕಡತದಲ್ಲಿದೆ. ನಾಳೆ ಯಾರಾದರೂ ಬಂದು ಎಲ್ಲಿ ಅಂತ ಕೇಳಿದರೆ ಕೆರೆ ತೋರಿಸಬೇಕೇ?

ಕಾಯ್ದೆಯ ಕಲಂ 21 ಇಂಥ ಸಂದರ್ಭಕ್ಕೇ ಇದೆ. ಯಾವುದೇ ಕಾರಣಕ್ಕೆ ಇಟ್ಟುಕೊಳ್ಳುವ ಹಕ್ಕು ಹೋದ ಆಯುಧ ಅಥವಾ ಮದ್ದುಗುಂಡನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಒಪ್ಪಿಸಬೇಕು. ಹಾಗೆಂದು ಒಪ್ಪಿಸಿದವರ ಮೇಲೆ ಪ್ರಕರಣ ಹಾಕಲೇಬಾರದು ಅಂತ ಅದು ಹೇಳುವುದಿಲ್ಲ. ವಕೀಲರು ಇದನ್ನು ಮುಚ್ಚಿಡಲಿಲ್ಲ. ತಾಯಿಯ ಮುಂದೆಯೇ ಹೇಳಿದರು. ಅಪಾಯ ಇದೆ, ಆದರೆ ಇಟ್ಟುಕೊಂಡರೆ ಅದಕ್ಕಿಂತ ದೊಡ್ಡದಿದೆ.

ತೀರ್ಮಾನ ಮಾಡಿದವರು ತಾಯಿ. “ನಾ ಬರ್ತೀನಿ. ಟ್ರಂಕು ನನ್ನ ಮನಿಯಾಗಿದ್ದದ್ದು. ಅವನೊಬ್ಬನ್ನ ಕಳಸೂದಿಲ್ಲ.” ಮರುದಿನ ಅವರೇ ಅರ್ಜಿಗೆ ಸಹಿ ಹಾಕಿದರು.

ವಸ್ತುವನ್ನು ಕೈಯಲ್ಲಿ ಹಿಡಿದು ಹೋಗಲಿಲ್ಲ. ಮೊದಲು ಅರ್ಜಿ ಹೋಯಿತು. ಎರಡು ಪ್ರತಿ. ಅತ್ತೆಮನೆಯ ಹಿರಿಯರ ಟ್ರಂಕಿನಲ್ಲಿ ಇಂಥಿಂಥ ವಸ್ತು ಸಿಕ್ಕಿವೆ, ಸ್ವಂತ ಇಚ್ಛೆಯಿಂದ ಒಪ್ಪಿಸುತ್ತಿದ್ದೇವೆ, ಮಗ ಮಾಹಿತಿ ಇಲ್ಲದೆ ಜಾಹೀರಾತು ಹಾಕಿದ್ದ, ಅದು ತೆಗೆಯಲ್ಪಟ್ಟಿದೆ. ಎರಡನೇ ಜಾಹೀರಾತಿನ ವಿಷಯವನ್ನೂ ಬರೆದೆವು. ಮೊಮ್ಮಗನಿಗೆ ಅದನ್ನು ಬಿಡಬೇಕು ಅನ್ನಿಸಿತ್ತು. ವಕೀಲರು ಬಿಡಲಿಲ್ಲ. ಅರ್ಜಿಯಲ್ಲಿ ಅರ್ಧ ಸತ್ಯ ಇದ್ದರೆ, ಉಳಿದರ್ಧ ಸಿಕ್ಕಾಗ ಮೊದಲರ್ಧವನ್ನೂ ಯಾರೂ ನಂಬುವುದಿಲ್ಲ.

ಠಾಣೆಯಲ್ಲಿ ಮೊದಲ ಅರ್ಧ ಗಂಟೆ ಕಷ್ಟದ್ದು. ಇಷ್ಟು ವರ್ಷ ಯಾಕೆ ಕೊಡಲಿಲ್ಲ ಅಂತ ಗದರಿದರು. ಅಧಿಕಾರಿ ಬಂದು ಅರ್ಜಿ ಪೂರ್ತಿ ಓದಿದ ಮೇಲೆ ದನಿ ಬದಲಾಯಿತು. ಸಿಬ್ಬಂದಿ ಮನೆಗೇ ಬಂದರು. ಪಂಚರ ಎದುರು ಮಹಜರು ಮಾಡಿದರು. ಐದು ಗುಂಡು, ಕ್ಲಿಪ್ಪು, ಸಂಗೀನು, ಒರೆ ತೆಗೆದುಕೊಂಡರು. ಶೆಲ್ಲನ್ನು ತಿರುಗಿಸಿ ನೋಡಿ, ಖಾಲಿ, ಹೂದಾನಿಯಾಗಿ ಬಳಕೆಯಲ್ಲಿದೆ ಅಂತ ಬರೆದು ಮನೆಯಲ್ಲೇ ಬಿಟ್ಟರು. ತಾಯಿಯ, ಮೊಮ್ಮಗನ ಹೇಳಿಕೆ ಬರೆದುಕೊಂಡರು. ಸ್ವೀಕೃತಿ ಕೊಟ್ಟರು. ಅವರ ಮೇಲೆ ಪ್ರಕರಣ ದಾಖಲಾಗಲಿಲ್ಲ. ಎಲ್ಲ ಠಾಣೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ತಾವಾಗಿಯೇ ಹೋದದ್ದು, ವಕೀಲರ ಜೊತೆ ಹೋದದ್ದು, ಏನನ್ನೂ ಬಚ್ಚಿಡದ ಅರ್ಜಿ, ಈ ಮೂರೂ ಅಲ್ಲಿ ಕೆಲಸ ಮಾಡಿದವು ಅಂತ ನನ್ನ ಅನಿಸಿಕೆ. ಚೋರ್ಲಾ ಹಾದಿಯವನ ನಂಬರನ್ನೂ ಕೊಟ್ಟು ಬಂದೆವು.

ಮಾರಿದ್ದು, ಮಾರದೆ ಬಿಟ್ಟದ್ದು

ಉಳಿದದ್ದು ಫೀ ಹಣದ ಪ್ರಶ್ನೆ.

ಇಲ್ಲಿ ನನಗೂ ಒಂದು ಆಸೆ ಹುಟ್ಟಿತ್ತು. ಪರಿಚಯದವರ ಮೂಲಕ ಇಂಗ್ಲೆಂಡಿನ ಒಬ್ಬ ಸಂಗ್ರಹಕಾರರಿಗೆ ವಿಷಯ ತಿಳಿಯಿತು. ಅಜ್ಜನ ಪದಕ, ಪೇ ಬುಕ್ಕು, 1944ರಲ್ಲಿ ಇಟಲಿಯಿಂದ ಮನೆಗೆ ಬರೆದ ಪತ್ರಗಳು, ಒಂದು ಫೋಟೋ, ಎಲ್ಲ ಸೇರಿ 60 ಸಾವಿರ ಕೊಡುತ್ತೇನೆ ಅಂದರು. ಪದಕಕ್ಕಿಂತ ಕಾಗದಕ್ಕೆ ಅವರು ಬೆಲೆ ಕಟ್ಟಿದ್ದರು. ಸರಿಯಾಗಿಯೇ ಕಟ್ಟಿದ್ದರು. ಕಾಗದವಿಲ್ಲದ ಸ್ಟಾರು ಬರೀ ಲೋಹ. ಅದನ್ನು ಎಲ್ಲಿ, ಹೇಗೆ ಗಳಿಸಿದರು ಅಂತ ಹೇಳುವುದು ಆ ಕಾಗದ.

ಆದರೆ ಅದೇ ಕಾಗದ ದಾರಿಗೆ ಅಡ್ಡ ಬಂತು. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯಲ್ಲಿ ಸಾಮಾನ್ಯ ವಸ್ತುಗಳಿಗೆ 100 ವರ್ಷದ ಗಡಿ ಇದೆ. ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. 1944ರ ಪತ್ರ ಆ ಗಡಿ ದಾಟಿದೆ. ಪ್ರಾಚ್ಯವಸ್ತು ಅನ್ನಿಸಿಕೊಂಡದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇವು ಅದರೊಳಗೆ ಬರುತ್ತವೆಯೇ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಬಹುದಿತ್ತು. ನಮ್ಮ ಭಾಗಕ್ಕೆ ಧಾರವಾಡದಲ್ಲೇ ಅದರ ವೃತ್ತ ಕಚೇರಿ ಇದೆ. ಆದರೆ ಫೀ ತುಂಬುವ ಕೊನೆಯ ದಿನ ಹತ್ತಿರ ಇತ್ತು. ಸುಮ್ನೆ ಕೊರಿಯರ್ ಮಾಡಿಬಿಡಿ, ಯಾರು ನೋಡುತ್ತಾರೆ ಅಂದವರೂ ಇದ್ದರು. ಒಮ್ಮೆ ಹೆಸರು ಬದಲಿಸಿ ಪೆಟ್ಟು ತಿಂದ ಮೊಮ್ಮಗ ಈ ಸಲ ತಾನೇ ಬೇಡ ಅಂದ. ನಾನು ಹೇಳುವ ಮೊದಲೇ ಅಂದ.

ಕೊನೆಗೆ ಅಜ್ಜನ ಕಾಲದ ಶಿರಸ್ತ್ರಾಣ, ನೀರಿನ ಬಾಟಲಿ, ಊಟದ ಡಬ್ಬಿ, ಬೆಲ್ಟು, ಎರಡು ಟೋಪಿ ಬಿಲ್ಲೆ ಮಾರಿದೆವು. ಅಪ್ಪನ ಕಾಲದ, ಸರ್ಕಾರದ ಗುರುತಿದ್ದ ಯಾವುದನ್ನೂ ಮುಟ್ಟಲಿಲ್ಲ. ಕೊಂಡವರು ಹುಬ್ಬಳ್ಳಿಯ ಒಬ್ಬ ಸಂಗ್ರಹಕಾರರು. ಮನೆಗೆ ಬಂದು ನೋಡಿ, ಬ್ಯಾಂಕಿನಿಂದ ಹಣ ಹಾಕಿ, ಒಯ್ದರು. ಯಾವ ವಸ್ತು, ಯಾರು ಯಾರಿಗೆ ಮಾರಿದರು, ಯಾವ ದಿನ, ಎಷ್ಟಕ್ಕೆ ಅಂತ ಬರೆದು ಇಬ್ಬರೂ ಸಹಿ ಮಾಡಿದರು. ಮಹಜರಿನ ಪ್ರತಿಯನ್ನೂ ಅವರಿಗೆ ತೋರಿಸಿದೆವು. ಟ್ರಂಕಿನಲ್ಲಿ ಬೇರೆ ಏನಿತ್ತು, ಅದು ಎಲ್ಲಿ ಹೋಯಿತು ಅಂತ ಕೊಳ್ಳುವವರಿಗೂ ಗೊತ್ತಿರಬೇಕು ಅಲ್ವಾ?

ಸಿಕ್ಕದ್ದು 11,500 ರೂಪಾಯಿ. ಮೋಸದಲ್ಲಿ ಹೋದದ್ದು ಕಳೆದರೆ ಉಳಿದದ್ದು 2,000. ಫೀಗೆ ಮೊಮ್ಮಗ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದ. ಆ ದಾರಿ ಮೊದಲ ದಿನವೂ ಇತ್ತು. ಸಾಲ ಅಂದರೆ ಹೆದರಿಕೆ, ಟ್ರಂಕು ಅಂದರೆ ನಮ್ಮದೇ ಎಂಬ ಧೈರ್ಯ. ಅದು ನನಗೆ ಅರ್ಥವಾಗುತ್ತದೆ.

ಹಿಂದಿರುಗಿ ನೋಡಿದರೆ, ಜಾಲತಾಣಕ್ಕೆ ಟ್ರಂಕು ಒಂದೇ ವಸ್ತುವಾಗಿ ಕಂಡಿತು. ಮೊಮ್ಮಗನಿಗೂ ಹಾಗೇ ಕಂಡಿತ್ತು. ಕಾನೂನಿಗೆ ಮಾತ್ರ ಅದು ಹತ್ತಾರು ಬೇರೆ ಬೇರೆ ವಸ್ತು. ಒಂದಕ್ಕೆ ಜೈಲು, ಒಂದಕ್ಕೆ ಷರತ್ತು, ಒಂದಕ್ಕೆ ಏನೂ ಇಲ್ಲ. ಶಿರಸ್ತ್ರಾಣವನ್ನು ಮೊದಲ ದಿನವೇ ನಿಶ್ಚಿಂತೆಯಿಂದ ಮಾರಬಹುದಿತ್ತು. ಐದು ಗುಂಡುಗಳ ಪಕ್ಕದಲ್ಲಿ ಇಟ್ಟಿದ್ದರಿಂದ ಅದೂ ನಿಷೇಧಿತ ಪಟ್ಟಿಗೆ ಸೇರಿತು.

ಪದಕಗಳನ್ನು ತಾಯಿ ಮಾರಲು ಬಿಡಲಿಲ್ಲ. ಪೇ ಬುಕ್ಕು, ಪತ್ರಗಳ ಜೊತೆ ಒಂದು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಪತ್ರಗಳ ಫೋಟೋ ತೆಗೆದು ಮೊಮ್ಮಗನ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದಾಳೆ. ಸಂಗೀನನ್ನು ಸೈನ್ಯದ ಯಾವುದಾದರೂ ವಸ್ತು ಸಂಗ್ರಹಾಲಯಕ್ಕೆ ಕೊಡಲು ಆಗುತ್ತದೆಯೇ ಅಂತ ಇನ್ನೊಂದು ಅರ್ಜಿ ಹಾಕಿದ್ದೇವೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ದಸರೆಗೆ ನನ್ನನ್ನು ಮನೆಗೆ ಕರೆದಿದ್ದರು. ಖಂಡೇನವಮಿಯ ದಿನ ಜಗಲಿಯ ಮೇಲೆ ಕುಡಗೋಲು, ಅಂಗಡಿಯ ತಕ್ಕಡಿ, ಮಗಳ ಪುಸ್ತಕ ಇದ್ದವು. ಶೆಲ್ಲಿನಲ್ಲಿ ಚೆಂಡು ಹೂವು. ಸಂಗೀನು ಇಡುತ್ತಿದ್ದ ಜಾಗದಲ್ಲಿ ತಾಯಿ 1944ರ ಫೋಟೋ ಇಟ್ಟು ಕುಂಕುಮ ಹಚ್ಚಿದ್ದರು. “ಅದರ ಜಾಗಾ ಖಾಲಿ ಬಿಡಬಾರದು ಅನ್ನಿಸ್ತು ಅಣ್ಣಾರ,” ಅಂದರು.